ಅರುವತ್ತೊಂದು ಮನೆಯ ಕೀಬೋರ್ಡ್: ಏನು ಕಲಿಸುತ್ತದೆ, ಏನು ಕೆಡಿಸುತ್ತದೆ

"ಮಾಷ್ಟ್ರೇ, ಮಗುವಿಗೆ ಸಂಗೀತದ ಬುಡ ಗಟ್ಟಿಯಾಗ್ಲಿಕ್ಕೆ ಒಂದು ಕೀಬೋರ್ಡ್ ತೆಗೆದುಕೊಡುವುದಾ?" ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಯಾವ ಸಂಗೀತ ತರಗತಿಯ ಜಗಲಿಯಲ್ಲಾದರೂ ಕೇಳಿಬರುವ ಪ್ರಶ್ನೆ ಇದು. ಕೇಳುವವರ ಮನಸ್ಸಿನಲ್ಲಿ ಇರುವುದು ಹೆಚ್ಚಾಗಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನ, 61 ಮನೆಗಳ (ಬೆರಳಿನಿಂದ ಒತ್ತುವ ಪಟ್ಟಿಗಳ), ಕ್ಯಾಸಿಯೊ ಅಥವಾ ಯಮಾಹಾದಂಥ ಕಂಪನಿಯ ಆರಂಭದ ಮಾದರಿ. ಒಂದು ಕಂಪನಿಯ ಒಂದು ಮಾದರಿಯನ್ನು ಹಿಡಿದು ಇಲ್ಲಿ ಬರೆದಿಲ್ಲ. ಆ ದರ್ಜೆಯ ಯಂತ್ರವನ್ನೇ ಒಟ್ಟಾಗಿ ನೋಡಿದ್ದು. ಈ ಬೆಲೆಯಲ್ಲಿ ಗುಂಡಿಗಳ ಜಾಗ ಬೇರೆ ಬೇರೆ ಇರಬಹುದು, ಹೊಟ್ಟೆಯೊಳಗಿನ ಸಂಗೀತ ಮಾತ್ರ ಎಲ್ಲದರದ್ದೂ ಒಂದೇ.

ಅಭಿಪ್ರಾಯ ಮೊದಲೇ ಹೇಳಿಬಿಡೋಣ. ಸ್ವರಸ್ಥಾನಗಳ ನಕ್ಷೆ ಮತ್ತು ಕಾಲದ ಲೆಕ್ಕ ಕಲಿಯುವುದಕ್ಕೆ ಆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದಿಲ್ಲ. ಶ್ರುತಿಗೆ ಕಿವಿ ತಯಾರು ಮಾಡುವ ಕೆಲಸಕ್ಕೆ ಇದನ್ನು ನಂಬಿದರೆ ಮಾತ್ರ ಎರಡು ವರ್ಷ ಕಳೆದ ಮೇಲೆ ಅಳಿಸಿ ಬರೆಯುವ ಕೆಲಸ ಬೀಳುತ್ತದೆ. ಯಾಕೆ ಹೀಗೆ ಎಂಬುದಕ್ಕೆ ಕಾರಣಗಳು ಯಂತ್ರದ ಒಳಗೇ ಉಂಟು.

ನಕ್ಷೆಯಿಂದ ಶುರು ಮಾಡೋಣ. 61 ಮನೆ ಎಂದರೆ ಐದು ಪೂರ್ತಿ ಸ್ಥಾಯಿ (ಹನ್ನೆರಡು ಮನೆಗಳ ಒಂದೊಂದು ಸುತ್ತು), ಮೇಲೊಂದು ಷಡ್ಜ, ಅಂದರೆ 'ಸ': 36 ಬಿಳಿ, 25 ಕಪ್ಪು. ಕಪ್ಪು ಮನೆಗಳು ಎರಡು, ಮೂರು, ಎರಡು, ಮೂರು ಎಂದು ಗುಂಪಾಗಿ ಬರುತ್ತವೆ. ಎರಡರ ಗುಂಪಿನ ಎಡಕ್ಕೆ ತಾಗಿಕೊಂಡಿರುವ ಬಿಳಿ ಮನೆಯೇ ಬಿಳಿ ಒಂದು, ಪಾಶ್ಚಾತ್ಯರ ಸಿ. ಅಲ್ಲಿಂದ ಬಲಕ್ಕೆ ಬಿಳಿ ಏಳರ ವರೆಗೆ, ಕಪ್ಪು ಐದರ ವರೆಗೆ ಎಣಿಸಿದರೆ ಹನ್ನೆರಡು ಸ್ವರಸ್ಥಾನ ಮುಗಿಯಿತು. ಯಕ್ಷಗಾನದಲ್ಲಿ ಹಾಡುವ ಭಾಗವತರು "ಕಪ್ಪು ಮೂರರಲ್ಲಿ ಹಾಡುವುದು" ಎನ್ನುವಾಗ, ಭಜನಾ ಮಂದಿರದ ಹಾರ್ಮೋನಿಯಂನವರು "ಬಿಳಿ ನಾಲ್ಕು ಸಾಕು" ಎನ್ನುವಾಗ ಹೇಳುವುದು ಇದೇ ಎಣಿಕೆಯನ್ನು. ಕರ್ನಾಟಕ ಸಂಗೀತದವರ ಒಂದೂವರೆ ಮನೆ ಎಂದರೆ ಕಪ್ಪು ಒಂದು, ಐದೂವರೆ ಎಂದರೆ ಕಪ್ಪು ನಾಲ್ಕು. ಈ ಎರಡು ಲೆಕ್ಕವನ್ನು ಜೋಡಿಸಿಕೊಳ್ಳದ ಮಕ್ಕಳು ಯಕ್ಷಗಾನ ಮೇಳದ ಜತೆ ಒಂದು ಶ್ರುತಿ, ತರಗತಿಯಲ್ಲಿ ಇನ್ನೊಂದು ಶ್ರುತಿ ಎಂದು ಗೊಂದಲಕ್ಕೆ ಬೀಳುತ್ತಾರೆ. ಕೀಬೋರ್ಡ್ ಮುಂದಿಟ್ಟರೆ ಅರ್ಧ ಗಂಟೆಯಲ್ಲಿ ಗೊಂದಲ ಬಗೆಹರಿಯುತ್ತದೆ.

ಮೊದಲ ಪಾಠದ ಮಾಯಾಮಾಳವಗೌಳ ರಾಗವನ್ನೇ ತೆಗೆದುಕೊಳ್ಳಿ. ಬಿಳಿ ಒಂದನ್ನು ಷಡ್ಜ ಮಾಡಿದರೆ ಶುದ್ಧ ರಿಷಭ ಕಪ್ಪು ಒಂದು, ಅಂತರ ಗಾಂಧಾರ ಬಿಳಿ ಮೂರು, ಶುದ್ಧ ಮಧ್ಯಮ ಬಿಳಿ ನಾಲ್ಕು, ಪಂಚಮ ಬಿಳಿ ಐದು, ಶುದ್ಧ ಧೈವತ ಕಪ್ಪು ನಾಲ್ಕು, ಕಾಕಲಿ ನಿಷಾದ ಬಿಳಿ ಏಳು. ಸ-ರಿ ನಡುವೆ ಒಂದು ಹೆಜ್ಜೆ, ರಿ-ಗ ನಡುವೆ ಮೂರು ಹೆಜ್ಜೆ. ಪ-ದ, ದ-ನಿ ನಡುವೆಯೂ ಹಾಗೆಯೇ. ಪೂರ್ವಾಂಗ (ಸ-ರಿ-ಗ-ಮ), ಉತ್ತರಾಂಗ (ಪ-ದ-ನಿ-ಸ) ಎರಡೂ ಒಂದೇ ಅಚ್ಚಿನವು ಎಂದು ಪುಸ್ತಕದಲ್ಲಿ ಓದಿದ್ದು ಇಲ್ಲಿ ಬೆರಳಿಗೆ ಗೊತ್ತಾಗುತ್ತದೆ. ಬಿಳಿ ಮನೆಗಳನ್ನಷ್ಟೇ ಒತ್ತುತ್ತ ಹೋದರೆ 29ನೆಯ ಮೇಳ, ಅಂದರೆ ಮೂಲ ರಾಗ, ಶಂಕರಾಭರಣ. ಅದರ ಮಧ್ಯಮವನ್ನು ಕಪ್ಪು ಮೂರಕ್ಕೆ ಏರಿಸಿದರೆ 65ನೆಯ ಮೇಳ ಕಲ್ಯಾಣಿ. ಮಧ್ಯಮವನ್ನು ಹಾಗೇ ಬಿಟ್ಟು ನಿಷಾದವನ್ನು ಕಪ್ಪು ಐದಕ್ಕೆ ಇಳಿಸಿದರೆ 28ನೆಯ ಹರಿಕಾಂಭೋಜಿ. ಹನ್ನೆರಡು ಸ್ಥಾನಕ್ಕೆ ಹದಿನಾರು ಹೆಸರು ಯಾಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಉಂಟು: ಬಿಳಿ ಎರಡು ಚತುಶ್ರುತಿ ರಿಷಭವೂ ಹೌದು, ಶುದ್ಧ ಗಾಂಧಾರವೂ ಹೌದು, ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಹೆಸರು.

ಈ ಯಂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವ ಪಾಠ ಕಪ್ಪು ಮನೆಗಳದ್ದು. ಕಪ್ಪು ಮೂರನ್ನು ಷಡ್ಜ ಎಂದಿಟ್ಟುಕೊಂಡು ಕಪ್ಪು ಮನೆಗಳನ್ನು ಮಾತ್ರ ಬಲಕ್ಕೆ ಒತ್ತುತ್ತ ಹೋಗಿ: ಮೋಹನ. ಅವೇ ಐದು ಮನೆ, ಷಡ್ಜ ಮಾತ್ರ ಕಪ್ಪು ನಾಲ್ಕಕ್ಕೆ ಬಂದರೆ ಮಧ್ಯಮಾವತಿ. ಕಪ್ಪು ಐದಕ್ಕೆ ಬಂದರೆ ಹಿಂದೋಳ, ಕಪ್ಪು ಒಂದಕ್ಕೆ ಬಂದರೆ ಶುದ್ಧ ಸಾವೇರಿ, ಕಪ್ಪು ಎರಡಕ್ಕೆ ಬಂದರೆ ಶುದ್ಧ ಧನ್ಯಾಸಿ. ಒಂದು ಮನೆಯನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ಗ್ರಹಭೇದ ಎಂಬ ದೊಡ್ಡ ಶಬ್ದ ಹನ್ನೊಂದು ವರ್ಷದ ಹುಡುಗಿಗೆ ಅರ್ಥವಾಗಲು ಇದಕ್ಕಿಂತ ಸುಲಭದ ದಾರಿ ನಮಗೆ ಗೊತ್ತಿಲ್ಲ. ಹಿಂದಿನಿಂದ ತಂಬೂರದ ಷಡ್ಜವನ್ನು ಪ್ರತಿ ಸಲ ಬದಲಾಯಿಸಿ ಕೊಡಲು ಮರೆಯಬಾರದು. ಇಲ್ಲದಿದ್ದರೆ ಕಿವಿ ಹಳೆಯ ಮೋಹನವನ್ನೇ ಹಿಡಿದು ಕೂರುತ್ತದೆ, ಹಿಂದೋಳ ಕೇಳಿಸುವುದೇ ಇಲ್ಲ.

ಇಷ್ಟು ಹೊಗಳಿದ ಮೇಲೆ ತೊಂದರೆಯ ಕಡೆಗೆ ಬರೋಣ.

ಕೀಬೋರ್ಡ್ ಕಾರ್ಖಾನೆಯಿಂದ ಬರುವುದು ಮಧ್ಯ ಸ್ಥಾಯಿಯ ಬಿಳಿ ಆರಕ್ಕೆ 440 ಹರ್ಟ್ಸ್ ಎಂಬ ಅಂತಾರಾಷ್ಟ್ರೀಯ ಅಳತೆಯಲ್ಲಿ. ಅಲ್ಲಿಂದ ಒಂದೊಂದು ಮನೆಗೂ 1.05946ರಿಂದ ಗುಣಿಸುತ್ತ, ಭಾಗಿಸುತ್ತ ಹೋಗುತ್ತಾರೆ. ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ ಇಮ್ಮಡಿ. ಎರಡು ಮನೆಗಳ ನಡುವಿನ ಅಂತರವನ್ನು 100 ಸೆಂಟ್ ಎನ್ನುತ್ತಾರೆ. ಎಲ್ಲ ಹೆಜ್ಜೆಯೂ ಸಮ. ಈ ಸಮಪಾಲಿನಿಂದಾಗಿಯೇ ಯಾವ ಮನೆಯಿಂದ ಶುರು ಮಾಡಿದರೂ ಅದೇ ರಾಗ ಬರುತ್ತದೆ. ಆದರೆ ತಂಬೂರದ ತಂತಿ ಸಮಪಾಲು ಮಾಡುವುದಿಲ್ಲ. ಷಡ್ಜದ ತಂತಿಯೊಳಗಿಂದಲೇ ಹುಟ್ಟಿ ಬರುವ ಸ್ವಯಂಭೂ ಗಾಂಧಾರ ಷಡ್ಜಕ್ಕೆ ನಾಲ್ಕಕ್ಕೆ ಐದರ ಲೆಕ್ಕದಲ್ಲಿ ನಿಂತಿರುತ್ತದೆ, ಅಂದರೆ 386 ಸೆಂಟ್. ಕೀಬೋರ್ಡಿನ ಬಿಳಿ ಮೂರು 400. ಹದಿನಾಲ್ಕು ಸೆಂಟ್ ಏರು. ಚತುಶ್ರುತಿ ಧೈವತ ಸುಮಾರು 16 ಸೆಂಟ್ ಏರು, ಕಾಕಲಿ ನಿಷಾದ 12 ಏರು, ಸಾಧಾರಣ ಗಾಂಧಾರ ತಿರುಗಿ 16 ಇಳಿ. ಪಂಚಮ ಮತ್ತು ಶುದ್ಧ ಮಧ್ಯಮದ ವ್ಯತ್ಯಾಸ ಎರಡೇ ಸೆಂಟ್. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಲೆಕ್ಕದ ಮೇಲೆ ನಂಬಿಕೆ ಬಾರದಿದ್ದರೆ ಅಂಗಡಿಯಲ್ಲೇ ಕಿವಿಯಿಂದ ಪರೀಕ್ಷೆ ಮಾಡಬಹುದು. ಆರ್ಗನ್ ಅಥವಾ ಹಾರ್ಮೋನಿಯಂನ ನಾದ ಆಯ್ದುಕೊಳ್ಳಿ. ನಡುಗುವ ಪರಿಣಾಮ ಇಲ್ಲದ್ದೇ ಬೇಕು, ರಿವರ್ಬ್ ಮತ್ತು ಕೋರಸ್ ಎಂಬ ಮೆರುಗುಗಳನ್ನು ಆಫ್ ಮಾಡಿ. ಮಧ್ಯ ಸ್ಥಾಯಿಯ ಬಿಳಿ ಒಂದು ಮತ್ತು ಬಿಳಿ ಐದನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಸೆಕೆಂಡಿಗೆ ಹೆಚ್ಚು ಕಡಿಮೆ ಒಂದರಂತೆ ನಿಧಾನಕ್ಕೆ ಏರಿ ಇಳಿಯುವ ಅಲೆ ಕೇಳಿಸುತ್ತದೆ, ಅದೇನೂ ಕಿವಿಗೆ ಹಿಂಸೆಯಲ್ಲ. ಈಗ ಬಿಳಿ ಐದನ್ನು ಬಿಟ್ಟು ಬಿಳಿ ಮೂರನ್ನು ಒತ್ತಿ. ಸೆಕೆಂಡಿಗೆ ಹತ್ತರಷ್ಟು ಬಿರುಸಾದ ಕಂಪ. ಷಡ್ಜದ ಐದು ಪಟ್ಟಿನ ಉಪಸ್ವರ (ಅದರೊಳಗೇ ಹುಟ್ಟುವ ಮೇಲಿನ ದನಿ) 1308 ಹರ್ಟ್ಸ್, ಗಾಂಧಾರದ ನಾಲ್ಕು ಪಟ್ಟಿನ ಉಪಸ್ವರ 1318.5 ಹರ್ಟ್ಸ್; ಅವೆರಡು ಒಂದಕ್ಕೊಂದು ಕೂಡಿಕೊಳ್ಳದೆ ಮಾಡುವ ಜಗಳ ಅದು. ದಿನಾ ಒಂದು ಗಂಟೆ ಇದರ ಜತೆ ದನಿ ಸೇರಿಸಿ ಮೊದಲ ಪಾಠದ ಸರಳೆ ಹಾಡಿದ ಮಗು ಗಾಂಧಾರವನ್ನು ಮೇಲಕ್ಕೆ ಎತ್ತಿ ಹಿಡಿಯುವುದನ್ನೇ ಸರಿ ಎಂದು ಕಲಿಯುತ್ತದೆ. ಮುಂದೆ ತಂಬೂರದ ಎದುರು ಕೂತಾಗ "ಗಾಂಧಾರ ಏರ್ತಾ ಉಂಟು" ಎಂದು ಬೈಸಿಕೊಳ್ಳುವುದು ಅದೇ ಮಗು.

ಹಾಗೆಂದು ಹಾರ್ಮೋನಿಯಂ ಬೇರೆ, ಕೀಬೋರ್ಡ್ ಬೇರೆ ಎಂದು ಭಾವಿಸಬೇಡಿ. ಈಗಿನ ಹಾರ್ಮೋನಿಯಂಗಳ ಶ್ರುತಿಯೂ ಇದೇ ಸಮಪಾಲಿನದು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು, ದಶಕಗಳ ಕಾಲ ಒಳಗೆ ಬಿಟ್ಟುಕೊಳ್ಳದೆ ಇದ್ದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಸ್ವರವನ್ನು ಜಾರಿಸಿ ಅಲುಗಿಸುವ ಗಮಕ ನುಡಿಸಲು ಬರುವುದಿಲ್ಲ ಎಂಬುದು ಇನ್ನೊಂದು. ಭಜನೆಗೆ ಅಡ್ಡಿಯಿಲ್ಲ, ಅಲ್ಲಿ ಹತ್ತು ಮಂದಿಯ ದನಿ ಸೇರಿ ಎಲ್ಲ ಮುಚ್ಚಿಹೋಗುತ್ತದೆ. ಒಂಟಿ ದನಿಯ ಅಭ್ಯಾಸಕ್ಕೆ ಮಾತ್ರ ಬೇಡ.

ಹಾಗಾದರೆ ಉಪಯೋಗಿಸುವುದು ಹೇಗೆ? ಶ್ರುತಿ ಎಲೆಕ್ಟ್ರಾನಿಕ್ ತಂಬೂರದಿಂದ ಅಥವಾ ಮೊಬೈಲಿನ ತಂಬೂರ ಆ್ಯಪ್‌ನಿಂದ ಬರಲಿ. ಕೀಬೋರ್ಡಿನ ಮನೆಯನ್ನು ಒಂದು ಕ್ಷಣ ಮುಟ್ಟಿ ಬಿಡಿ. ಸ್ಥಾನ ಯಾವುದೆಂದು ಗೊತ್ತಾಯಿತಲ್ಲ, ಉಳಿದದ್ದನ್ನು ತಂಬೂರ ನೋಡಿಕೊಳ್ಳಲಿ. ಮಗುವಿನ ದನಿ ಬರುವ ಮೊದಲೇ ಬೆರಳು ಎದ್ದಿರಬೇಕು. ಗಮಕದ ವಿಷಯಕ್ಕಂತೂ ಹೋಗಲೇಬೇಡಿ. ತೋಡಿ ರಾಗದ ಗಾಂಧಾರ ಒಂದು ಮನೆಯಲ್ಲಿ ನಿಲ್ಲುವುದೇ ಇಲ್ಲ. ಅದನ್ನು ಕಪ್ಪು ಎರಡರಲ್ಲಿ ಒತ್ತಿ ತೋರಿಸಿದರೆ ತೋರಿಸಿದ್ದು ತೋಡಿಯಲ್ಲ. ಕೆಲವು ಮಾದರಿಗಳಲ್ಲಿ ಎಡಗಡೆ ಸ್ವರ ಬಗ್ಗಿಸುವ ಚಕ್ರ ಇರುತ್ತದೆ. ಅದಕ್ಕಾಗಿ ಎರಡು ಸಾವಿರ ಹೆಚ್ಚು ಕೊಡಬೇಕಾದ್ದಿಲ್ಲ.

ಎಲ್ಲ ಸ್ವರವನ್ನೂ ಒಟ್ಟಾಗಿ ಮೇಲೆ ಕೆಳಗೆ ಸರಿಸುವ ಟ್ರಾನ್ಸ್‌ಪೋಸ್ ಗುಂಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಹುಡುಗಿ ಐದು ಮನೆ ಶ್ರುತಿಯಲ್ಲಿ ಹಾಡುತ್ತಾಳೆ ಎಂದಿಟ್ಟುಕೊಳ್ಳಿ. ಬೆರಳು ಬಿಳಿ ಒಂದರಲ್ಲೇ ಇದ್ದು ದನಿ ಬಿಳಿ ಐದರಲ್ಲಿ ಬರಬೇಕು. ಬಿಳಿ ಐದು ಏಳು ಹೆಜ್ಜೆ ಮೇಲಿದೆಯಲ್ಲ ಎಂದು +7 ಹಾಕುತ್ತಾರೆ. ಆಗ ನಡುವಿನ ಬಿಳಿ ಒಂದನ್ನು ಒತ್ತಿದರೆ ಬರುವುದು 392 ಹರ್ಟ್ಸಿನ ಷಡ್ಜ. ಹುಡುಗಿಯ ಷಡ್ಜವಾದರೋ 196 ಹರ್ಟ್ಸಿನದು. ಒಂದು ಸ್ಥಾಯಿ ಮೇಲೆ ಹಾಡಲು ಹೋಗಿ ತಾರ ಸ್ಥಾಯಿಯಲ್ಲಿ ಗಂಟಲು ಕಟ್ಟುತ್ತದೆ. ಹಾಕಬೇಕಾದ್ದು –5. ನಡುವಿನ ಬಿಳಿ ಒಂದು ಎಂದರೆ ಎಡ ತುದಿಯಿಂದ 25ನೆಯ ಮನೆ, ಕಪ್ಪು-ಬಿಳಿ ಎರಡನ್ನೂ ಎಣಿಸಿ. ಆ ಹುಡುಗಿಯ ಷಡ್ಜ 20ನೆಯ ಮನೆ. ಟ್ರಾನ್ಸ್‌ಪೋಸ್ ಮಾಡದೆ ಕಲಿಸುವವರು ಆ ಮನೆಯ ಅಂಚಿನಲ್ಲಿ ಚಿಕ್ಕದೊಂದು ಬಣ್ಣದ ಚುಕ್ಕಿ ಅಂಟಿಸಿಟ್ಟರೆ ಸಾಕು. ಎಲ್ಲ ಮನೆಗೂ ಸರಿಗಮ ಬರೆದು ಅಂಟಿಸುವ ಅಭ್ಯಾಸ ಮಾತ್ರ ಬೇಡ. ಷಡ್ಜ ಬದಲಾದ ದಿನ ಅಷ್ಟೂ ಸುಳ್ಳಾಗುತ್ತದೆ.

ಟ್ರಾನ್ಸ್‌ಪೋಸ್ ಹೆಜ್ಜೆ ಹೆಜ್ಜೆಯಾಗಿ ಸರಿಸಿದರೆ, ಟ್ಯೂನಿಂಗ್ ಎಂಬ ಇನ್ನೊಂದು ಸೌಲಭ್ಯ ಹೆಜ್ಜೆಯೊಳಗೆ ಸರಿಸುತ್ತದೆ. ಮಂದಿರದ ಹಳೆ ಹಾರ್ಮೋನಿಯಂ 440ಕ್ಕೆ ಸರಿಯಾಗಿ ಇರುವುದು ಅಪರೂಪ. ಎರಡರಲ್ಲೂ ಬಿಳಿ ಆರನ್ನು ಹಿಡಿದು, ಕೀಬೋರ್ಡಿನ ಅಂಕಿಯನ್ನು ಒಂದೊಂದೇ ಬದಲಿಸುತ್ತ ಹೋಗಿ. ಅಲೆ ನಿಧಾನವಾಗುತ್ತ ಬಂದು ನಿಂತ ಜಾಗವೇ ಸರಿ. ಆ ಜಾಗದಲ್ಲಿ ಒಂದು ಹರ್ಟ್ಸ್ ಎಂದರೆ ನಾಲ್ಕು ಸೆಂಟ್. ಅಲೆ ಇನ್ನಷ್ಟು ಜೋರಾದರೆ ಎದುರು ದಿಕ್ಕಿಗೆ ತಿರುಗಿಸಬೇಕು. ಹೆಚ್ಚಿನ ಯಂತ್ರ ಆಫ್ ಮಾಡಿ ಮತ್ತೆ ಹಾಕಿದಾಗ ಈ ಅಂಕಿಯನ್ನು ಮರೆತು 440ಕ್ಕೆ ಹೋಗಿ ಕೂರುತ್ತದೆ, ಆದ್ದರಿಂದ ಒಂದು ಚೀಟಿಯಲ್ಲಿ ಬರೆದು ಹಿಂಬದಿಗೆ ಅಂಟಿಸಿಡಿ.

ಇನ್ನು ಲಯ. ಕೀಬೋರ್ಡಿನ ಮೆಟ್ರೊನೋಮ್ (ಸಮದೂರದಲ್ಲಿ ಟಿಕ್ ಟಿಕ್ ಎಂದು ಏಟು ಕೊಡುವ ಸೌಲಭ್ಯ) ಹತ್ತು ಸಾವಿರದ ಯಂತ್ರದಲ್ಲಿ ಅಡಗಿರುವ ನಿಜವಾದ ಗುರು. ಆದಿತಾಳಕ್ಕೆ ನಿಮಿಷಕ್ಕೆ 60 ಇಡಿ: ಒಂದು ಏಟಿಗೆ ಒಂದು ಸೆಕೆಂಡು, ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಎಂಟು ಸೆಕೆಂಡು. ಒಂದನೇ ಕಾಲದಲ್ಲಿ ಏಟಿಗೊಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಮೂರನೇ ಕಾಲ ಕೈಗೆ ಬಾರದಾಗ ಮಕ್ಕಳು ಮಾಡುವುದು ಏನೆಂದರೆ, ಆ ಕಾಲಕ್ಕೆ ಮಾತ್ರ ಮೆಟ್ರೊನೋಮ್ ಅನ್ನು 45ಕ್ಕೆ ಇಳಿಸುವುದು. ಇಳಿಸಿದ ಕೂಡಲೇ ಒಂದು-ಎರಡು-ನಾಲ್ಕು ಎಂಬ ಸಂಬಂಧವೇ ತಪ್ಪಿತು. ಅದು ಮೂರನೇ ಕಾಲವಲ್ಲ, ನಿಧಾನದ ಇನ್ನೊಂದು ಪಾಠ. ಮೂರನೇ ಕಾಲ 45ರಲ್ಲಿ ಮಾತ್ರ ಬರುತ್ತದೆ ಎಂದಾದರೆ ಮೂರೂ ಕಾಲವನ್ನು 45ರಲ್ಲೇ ಹಾಡಿಸಿ. ಒಂದನೇ ಕಾಲ ಅಷ್ಟು ನಿಧಾನದಲ್ಲಿ ಉಸಿರು ಬೇಡುತ್ತದೆ, ಬೇಡಲಿ.

ಮೆಟ್ರೊನೋಮ್‌ನಲ್ಲಿ ಗಂಟೆಯ ಏಟು ಎಷ್ಟಕ್ಕೊಮ್ಮೆ ಎಂದು ಆಯ್ಕೆ ಮಾಡಲು ಆಗುತ್ತದೆಯೇ, ಅದರಲ್ಲಿ ಐದು ಮತ್ತು ಏಳು ಇವೆಯೇ ಎಂದು ಅಂಗಡಿಯಲ್ಲಿ ನೋಡಿಯೇ ತೆಗೆದುಕೊಳ್ಳಿ. ನಾಲ್ಕಕ್ಕೊಮ್ಮೆ ಗಂಟೆ ಇಟ್ಟರೆ ಆದಿತಾಳದಲ್ಲಿ ಅದು ನಾಲ್ಕು ಏಟಿನ ಲಘುವಿನ ಮೊದಲ ಏಟಿಗೂ, ಎರಡೆರಡು ಏಟಿನ ದ್ರುತಗಳಲ್ಲಿ ಮೊದಲನೆಯದರ ಏಟಿಗೂ ಬೀಳುತ್ತದೆ. ಎರಡಕ್ಕೂ ಒಂದೇ ಶಬ್ದ. ನಡುವೆ ತಪ್ಪಿದ ಮಗು ದ್ರುತವನ್ನೇ ಸಮ (ತಾಳದ ಶುರು) ಎಂದುಕೊಂಡು ಮುಂದುವರಿಯುತ್ತದೆ. ಎಂಟು ಇಡಲು ಬಂದರೆ ಎಂಟೇ ಇಡಿ. ರೂಪಕಕ್ಕೆ ಮೂರು ಸಾಕು. ಯಕ್ಷಗಾನದ ತ್ರಿವುಡೆಗೆ, ಮಿಶ್ರಛಾಪುವಿಗೆ ಏಳು. ಇಲ್ಲಿ ಒಂದು ಯುಕ್ತಿ: ಛಾಪುವಿನ ಕೈಯೇಟು ಸಮದೂರದಲ್ಲಿ ಇರುವುದಿಲ್ಲ, ಮೆಟ್ರೊನೋಮ್‌ಗೆ ಸಮದೂರವೇ ಗೊತ್ತು. ಆದ್ದರಿಂದ ಕೈಯೇಟನ್ನು ಅಲ್ಲ, ಅಕ್ಷರವನ್ನು ಮೆಟ್ರೊನೋಮ್‌ಗೆ ಒಪ್ಪಿಸಿ. 210ರ ವೇಗ, ಏಳಕ್ಕೊಮ್ಮೆ ಗಂಟೆ ಎಂದರೆ ಆವರ್ತಕ್ಕೆ ಸರಿಯಾಗಿ ಎರಡು ಸೆಕೆಂಡು. 'ತಕಿಟ ತಕದಿಮಿ' ಎಂದು ಬಾಯಲ್ಲಿ ಹೇಳುತ್ತ ಗಂಟೆಗೆ ಮೊದಲ 'ತ' ಬೀಳುವಂತೆ ಹೊಂದಿಸಿಕೊಂಡ ಮೇಲೆ ಕೈ ಸೇರಿಸಿ. ಖಂಡಛಾಪುವಿಗೆ ಐದು ಇಟ್ಟು 'ತಕ ತಕಿಟ'.

ಆಟೊ ರಿದಮ್ ಎಂಬ ಡಬ್ಬಿ ಇದೆಯಲ್ಲ, ಅಂಗಡಿಯವರು ಮೊದಲು ತೋರಿಸುವುದು ಅದನ್ನೇ. ಎಡಗೈಯಲ್ಲಿ ಒಂದು ಕಾರ್ಡ್ ಹಿಡಿದರೆ ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಬಂದುಬಿಡುತ್ತವೆ, ಅಪ್ಪ-ಅಮ್ಮ ಅಲ್ಲೇ ದುಡ್ಡು ತೆಗೆಯುತ್ತಾರೆ. ಅದರಲ್ಲಿ ಬಹುಪಾಲು ನಾಲ್ಕರ ಲೆಕ್ಕ, ಸ್ವಲ್ಪ ಮೂರರದ್ದು. ಐದು, ಏಳು ಹುಡುಕಿದರೂ ಕಷ್ಟ. ಕಲಿಯುವ ಮಗುವಿನ ಲಯ ಆ ಸದ್ದಿನ ಮೇಲೆ ಒರಗಿ ನಿಲ್ಲುತ್ತದೆ, ಸದ್ದು ನಿಂತ ಕೂಡಲೇ ಬೀಳುತ್ತದೆ. ಮೊದಲ ವರ್ಷ ಆ ಗುಂಡಿ ಮುಟ್ಟಬಾರದೆಂದು ಕಟ್ಟುನಿಟ್ಟು ಮಾಡಿ. ಬೇಳದಂಥ ಇಗರ್ಜಿಗಳ ಗಾಯನ ಮಂಡಳಿಗೆ ನುಡಿಸುವವರಿಗೆ, ಸಿನಿಮಾ ಹಾಡಿನವರಿಗೆ ಇದು ಉಪಯೋಗಕ್ಕೆ ಬರುತ್ತದೆ; ಅವರ ದಾರಿ ಬೇರೆ.

ಮೆಟ್ರೊನೋಮ್‌ಗೂ ಮಿತಿ ಉಂಟು. ಯಕ್ಷಗಾನದ ಭಾಗವತರು ಒಂದು ಪದ್ಯದೊಳಗೇ ಕಾಲವನ್ನು ಏರಿಸುತ್ತ ಹೋಗುತ್ತಾರೆ, ವೇಷದ ಕಾಲು ನೋಡಿ ಹಿಡಿಯುತ್ತಾರೆ, ಬಿಡುತ್ತಾರೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನಲ್ಲಿ ಕೂತು ಅದನ್ನು ಪೆಟ್ಟಿಗೆಯ ಟಿಕ್ ಟಿಕ್‌ಗೆ ಕಟ್ಟಿಹಾಕಿದರೆ ಅನ್ಯಾಯ. ತಾಳದ ಅಕ್ಷರ ಎಷ್ಟು, ಮುಕ್ತಾಯ ಎಲ್ಲಿ ಎಂಬುದು ಗಟ್ಟಿಯಾಗುವ ತನಕ ಯಂತ್ರ ಇರಲಿ. ಆಮೇಲೆ ಮದ್ದಳೆಯವರ ಎದುರು ಕೂರುವುದೇ ಸರಿ. ಕೇರಳ ಶಾಲಾ ಕಲೋತ್ಸವದ ಯಕ್ಷಗಾನಕ್ಕೆ ತಯಾರಿ ನಡೆಸುವ ಶಾಲೆಗಳಿಗೂ ಇದೇ ಮಾತು.

ಬ್ಲೂಟೂತ್ ಸ್ಪೀಕರ್ ಹಾಕಿ ಅಭ್ಯಾಸ ಮಾಡುವವರಿಗೆ ಒಂದು ಎಚ್ಚರಿಕೆ. ಮನೆ ಒತ್ತಿದ್ದಕ್ಕೂ ಸ್ಪೀಕರಿನಲ್ಲಿ ದನಿ ಬರುವುದಕ್ಕೂ ನಡುವೆ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ತಡ. 60ರ ಮೂರನೇ ಕಾಲದಲ್ಲಿ ಒಂದು ಸ್ವರದ ಆಯಸ್ಸೇ 250 ಮಿಲಿಸೆಕೆಂಡು. ದನಿ ಹಿಂದೆ ಬೀಳುತ್ತಿದೆ ಎಂದು ಬೆರಳು ತಾನಾಗಿಯೇ ಮುಂದೆ ಓಡುತ್ತದೆ, ಲಯ ಹಾಳು. ವಯರ್ ಹಾಕಿಯೇ ಕೇಳಿ.

ಸ್ವರಲಿಪಿಯ ವಿಷಯದಲ್ಲಿ ಕಂಪನಿಗಳ ಜಾಹೀರಾತನ್ನು ಅಷ್ಟಾಗಿ ನಂಬಬೇಕಾಗಿಲ್ಲ. ಪರದೆಯಲ್ಲಿ ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆ ಕಾಣಿಸುತ್ತದೆ, ಒತ್ತಿದ ಮನೆಗೆ ಸರಿಯಾಗಿ ಒಂದು ಗುಂಡು ಮೂಡುತ್ತದೆ. ಸ್ವರ ಎಲ್ಲಿದೆ ಎಂದು ಅದು ಹೇಳುತ್ತದೆ, ಎಷ್ಟು ಹೊತ್ತು ಎಂದು ಹೇಳುವುದಿಲ್ಲ. ಮಿನಿಮ್, ಕ್ರಾಚೆಟ್, ಕ್ವೇವರ್ ಎಂಬ ಹೊತ್ತಿನ ಅಳತೆಯನ್ನು ಪುಸ್ತಕದಿಂದಲೇ ಕಲಿಯಬೇಕು. ಶುರುವಿನ ಜಿ ಕ್ಲೆಫ್ ಎಂಬ ಚಿಹ್ನೆ ಸುತ್ತಿಕೊಂಡಿರುವ ಕೆಳಗಿನಿಂದ ಎರಡನೆಯ ಗೆರೆ ನಡುವಿನ ಬಿಳಿ ಐದು. 25ನೆಯ ಮನೆಯ ಸಿ ಐದೂ ಗೆರೆಗಳ ಕೆಳಗೆ ಒಂದು ತುಂಡು ಗೆರೆಯ ಮೇಲೆ ಕೂರುತ್ತದೆ. ಐದು ಮನೆ ಶ್ರುತಿಯ ಹುಡುಗಿಯ ಷಡ್ಜ ಅದಕ್ಕಿಂತಲೂ ಕೆಳಗೆ, ಎರಡನೆಯ ತುಂಡು ಗೆರೆಯ ಅಡಿಗೆ. ಟ್ರಾನ್ಸ್‌ಪೋಸ್ –5 ಹಾಕಿದಾಗ ಕಿವಿಗೆ ಬಿಳಿ ಐದು ಕೇಳುತ್ತದೆ, ಪರದೆಯಲ್ಲಿ ಕಾಣುವುದು ಬೆರಳು ಒತ್ತಿದ ಬಿಳಿ ಒಂದೇ ಆಗಿರಬಹುದು. ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಪಾಶ್ಚಾತ್ಯರ ಲಿಪಿ ಇಂಥ ಎತ್ತರ ಎಂದು ಗೊತ್ತು ಮಾಡಿ ಬರೆಯುವಂಥದ್ದು. ನಮ್ಮ 'ಸ' ಯಾವ ಮನೆಗೆ ಬೇಕಾದರೂ ಹೋಗಿ ಕೂರುತ್ತದೆ.

ನಮ್ಮ ಲಿಪಿಯನ್ನು ಬರೆಯುವ ಅಭ್ಯಾಸ ಈ ಯಂತ್ರದ ಪಕ್ಕದಲ್ಲೇ ನಡೆಯಲಿ, ಒಂದು ಗೆರೆ ಪುಸ್ತಕ ಸಾಕು. ಮೊದಲ ಸರಳೆ ಆದಿತಾಳದಲ್ಲಿ ಹೀಗೆ: ಸ ರಿ ಗ ಮ | ಪ ದ | ನಿ ಸ ||. ನಾಲ್ಕರ ಲಘು, ಎರಡರ ಎರಡು ದ್ರುತ, ಕೊನೆಗೆ ಜೋಡಿ ಗೆರೆ. ಕೊನೆಯ 'ಸ'ದ ತಲೆಯ ಮೇಲೆ ಚುಕ್ಕಿ ಇಡದೆ ಬಿಡುವವರೇ ಹೆಚ್ಚು. ಚುಕ್ಕಿ ಇಲ್ಲದಿದ್ದರೆ ಅದು ತಾರ ಷಡ್ಜವಲ್ಲ, ಶುರುವಿನ ಷಡ್ಜವೇ. ಮಂದ್ರಕ್ಕೆ ಚುಕ್ಕಿ ಅಡಿಗೆ. ಒಂದು ಅಕ್ಷರ ಎಳೆಯಲು ಅಲ್ಪವಿರಾಮ, ಎರಡಕ್ಕೆ ಅರ್ಧವಿರಾಮ. ಎರಡನೇ ಕಾಲಕ್ಕೆ ಸ್ವರಗಳ ಮೇಲೊಂದು ಗೆರೆ, ಮೂರನೆಯದಕ್ಕೆ ಎರಡು. ಬರೆದ ಸಾಲು ಸರಿಯೇ ಎಂದು ನೋಡಲು ಸುಲಭದ ದಾರಿ: ಪ್ರತಿ ಅಂಗದಲ್ಲಿ ಸ್ವರ ಮತ್ತು ವಿರಾಮಗಳನ್ನು ಕೂಡಿಸಿ. ಒಂದನೇ ಕಾಲದಲ್ಲಿ ಲಘುವಿಗೆ ನಾಲ್ಕು, ಎರಡನೆಯದಕ್ಕೆ ಎಂಟು, ಮೂರನೆಯದಕ್ಕೆ ಹದಿನಾರು ಬರದಿದ್ದರೆ ಎಲ್ಲೋ ಒಂದು ಅಲ್ಪವಿರಾಮ ತಪ್ಪಿಹೋಗಿದೆ.

ಗಮಕಕ್ಕೆ ಐದು ಗೆರೆಯ ಲಿಪಿಯಲ್ಲಿ ಜಾಗವಿಲ್ಲ, ನಮ್ಮ ಸಾಮಾನ್ಯ ಸ್ವರಲಿಪಿಯಲ್ಲೂ ಇಲ್ಲ. ಸುಬ್ಬರಾಮ ದೀಕ್ಷಿತರು 1904ರ ತಮ್ಮ ಗ್ರಂಥದಲ್ಲಿ ಅದಕ್ಕೆಂದೇ ಚಿಹ್ನೆಗಳನ್ನು ಕೊಟ್ಟರು, ಪಾಠದ ಪುಸ್ತಕಗಳಿಗೆ ಅವು ಹೆಚ್ಚಾಗಿ ಇಳಿದು ಬರಲಿಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕವಂತೂ ಪದ್ಯದ ತಲೆಯಲ್ಲಿ ರಾಗದ ಹೆಸರು, ತಾಳದ ಹೆಸರು ಎರಡನ್ನೇ ಕೊಟ್ಟು ಉಳಿದದ್ದನ್ನು ಗುರುವಿಗೆ ಬಿಡುತ್ತದೆ.

ಯಂತ್ರದ ಮೈಕಟ್ಟಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಏರಿಳಿಯುವ ಮನೆಗಳು ಸ್ವಲ್ಪ ಮೇಲಿನ ಮಾದರಿಯಲ್ಲಿ ಸಿಗುತ್ತವೆ. ಲಯದ ಒತ್ತು ಕಲಿಯಲು ಅದು ನಿಜಕ್ಕೂ ಬೇಕು, ದುಡ್ಡಿದ್ದರೆ ಅದಕ್ಕೆ ಕೊಡಿ. ನಾನೂರು ನಾದ, ಆರುನೂರು ನಾದ ಎಂಬ ಅಂಕಿಗೆ ಕೊಡಬೇಡಿ. ಚಿಕ್ಕ ಬೆರಳಿಗೆಂದು ಮಾಡಿದ ಮಿನಿ ಮನೆಗಳದ್ದು ಬೇಡ, ಮುಂದೆ ಹಾರ್ಮೋನಿಯಂ ಮುಟ್ಟಿದಾಗ ಅಂತರ ತಪ್ಪುತ್ತದೆ.

ಕರೆಂಟಿನ ಅಡಾಪ್ಟರ್ ಜತೆಗೇ ಬರುತ್ತದೆಯೇ ಎಂದು ಕೇಳಿ. ಕೆಲವು ಮಾದರಿಗೆ 9.5 ವೋಲ್ಟ್, ಕೆಲವಕ್ಕೆ 12. ಪಿನ್ನಿನ ಧನ-ಋಣದ ಗುರುತು ಯಂತ್ರದ ಹಿಂಬದಿಯಲ್ಲೇ ಅಚ್ಚಾಗಿರುತ್ತದೆ. ಕೂರುತ್ತದೆ ಎಂದು ಮನೆಯ ಬೇರೆ ಯಾವುದೋ ಅಡಾಪ್ಟರ್ ಸಿಕ್ಕಿಸುವುದು ಬೋರ್ಡ್ ಸುಡಲು ನೇರ ದಾರಿ. ಮಳೆಗಾಲದಲ್ಲಿ ಕರೆಂಟು ಹೋಗುವ ಊರಿಗೆ ಬ್ಯಾಟರಿಯಲ್ಲೂ ನಡೆಯುವ ಮಾದರಿಯೇ ಸರಿ, ಮಳೆ-ಗುಡುಗಿನ ಹೊತ್ತಿಗೆ ಪ್ಲಗ್ ಕಿತ್ತಿಡಲಿಕ್ಕೂ ಅದೇ ಅನುಕೂಲ.

ಇಲ್ಲಿಯ ಜೂನ್‌ನಿಂದ ಸೆಪ್ಟೆಂಬರ್ ಈ ಯಂತ್ರಗಳ ನಿಜವಾದ ವೈರಿ. ಮನೆಯ ಅಡಿಯಲ್ಲಿ ರಬ್ಬರ್ ಗುಬ್ಬಿ, ಅದರ ತುದಿಗೆ ಕಪ್ಪು ಇಂಗಾಲದ ಲೇಪ. ಅದು ಬೋರ್ಡಿಗೆ ತಾಗಿದಾಗ ಸ್ವರ. ತಂಪು ಹಿಡಿದು ಅಲ್ಲಿ ಪಸೆ ಕೂತರೆ ಒಂದೊಂದು ಮನೆ ಮೂಕವಾಗುತ್ತದೆ, ಇಲ್ಲವೇ ಗಟ್ಟಿ ಒತ್ತಿದರೆ ಮಾತ್ರ ನುಡಿಯುತ್ತದೆ. ಬಿಚ್ಚುವ ಅಭ್ಯಾಸ ಇರುವ ರಿಪೇರಿಯವರು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಎರಡೂ ಕಡೆ ಮೃದುವಾಗಿ ಒರೆಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಉಜ್ಜಿದರೆ ಲೇಪವೇ ಎದ್ದುಬರುತ್ತದೆ. ಗೋಡೆಗೆ ಒರಗಿಸಿಡಬೇಡಿ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ತಿಂಗಳುಗಟ್ಟಲೆ ನುಡಿಸದೆ ಇಟ್ಟದ್ದು ಬೇಗ ಕೆಡುತ್ತದೆ, ದಿನಾ ನುಡಿಸಿದ್ದು ಕೆಡುವುದು ಕಡಿಮೆ. ಇರುವೆ ಗೂಡು ಕಟ್ಟಿದ್ದೂ ಉಂಟು, ಬಿಸ್ಕೆಟ್ ತಿನ್ನುತ್ತ ನುಡಿಸುವ ಮಕ್ಕಳಿಂದ.

ಕಾಸರಗೋಡು ಪೇಟೆಯಲ್ಲಾಗಲಿ, ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿಯಾಗಲಿ, ಪೆಟ್ಟಿಗೆ ಬಿಚ್ಚಿಸಿ ನೋಡದೆ ತರಬೇಡಿ. ಪಿಯಾನೊ ನಾದದಲ್ಲಿ ಎಡ ತುದಿಯಿಂದ ಬಲ ತುದಿಗೆ 61 ಮನೆಯನ್ನೂ ಒಂದೊಂದಾಗಿ, ಮೆಲ್ಲಗೆ ಒಮ್ಮೆ, ಗಟ್ಟಿಯಾಗಿ ಒಮ್ಮೆ ಒತ್ತಿ. ಎರಡು ಸಲ ನುಡಿಯುವ ಮನೆ, ಪಕ್ಕದ್ದಕ್ಕಿಂತ ತಗ್ಗಿ ಕೂತ ಮನೆ ಇದ್ದರೆ ಬೇರೆ ಪೆಟ್ಟಿಗೆ ತೆಗೆಸಿ. ಎಡಗೈಯಲ್ಲಿ ಮೂರು ಮನೆ ಹಿಡಿದುಕೊಂಡೇ ಬಲಗೈ ಓಡಿಸಿ ನೋಡಿ, ಹಿಡಿದದ್ದು ನಡುವೆ ಕಡಿದುಹೋಗಬಾರದು. ಟ್ರಾನ್ಸ್‌ಪೋಸ್, ಟ್ಯೂನಿಂಗ್, ಮೆಟ್ರೊನೋಮ್‌ನ ಏಟಿನ ಆಯ್ಕೆ, ಈ ಮೂರನ್ನು ಅಂಗಡಿಯವರ ಕೈಯಿಂದಲೇ ಮಾಡಿಸಿ ನೋಡಿ. ಗುಂಡಿ ಎಲ್ಲಿದೆ ಎಂದು ಅವರಿಗೇ ಹುಡುಕಬೇಕಾದರೆ ಮನೆಯಲ್ಲಿ ನೀವೂ ಹುಡುಕುತ್ತೀರಿ.

ಹಾಡುಗಾರಿಕೆ ಒಂದನ್ನೇ ಕಲಿಯುವ ಮಗುವಿಗೆ, ಮನೆಯಲ್ಲಿ ತಂಬೂರ ಪೆಟ್ಟಿಗೆಯೇ ಇಲ್ಲದಿದ್ದರೆ, ಮೊದಲು ಅದನ್ನೇ ತೆಗೆದುಕೊಳ್ಳಿ. ಅದು ಇದ್ದು, ಮಗು ಜಂಟಿ ವರಸೆಯ ಪಾಠ ದಾಟಿ ಅಲಂಕಾರದ ಪಾಠಕ್ಕೆ ಬಂದಿದ್ದರೆ ಕೀಬೋರ್ಡ್ ತರಲು ಅದೇ ಸರಿಯಾದ ಹೊತ್ತು: ಏಳು ತಾಳದ ಅಂಗ ಎಣಿಸಲು ಮೆಟ್ರೊನೋಮ್ ಬೇಕಾಗುತ್ತದೆ, ಹೊಸ ರಾಗಗಳ ಸ್ಥಾನ ನೋಡಲು ಮನೆಗಳು ಬೇಕಾಗುತ್ತವೆ.